ಕೊಯ್ಲು ಮುಗಿದ ಬ್ಲಾಕಿನಲ್ಲಿ ಆಟದ ಬಂದೂಕು

ಬಾಳೂರಿನ ಹತ್ತಿರ, ಕಾಫಿ ತೋಟದ ನಡುವೆ ಹೋಮ್‌ಸ್ಟೇ ನಡೆಸುವ ರುದ್ರಾಣಿಗೆ ಒಂದು ತಲೆನೋವಿತ್ತು. ಬಂದ ಅತಿಥಿಗಳು ಅಕ್ಕಿರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ "ಇಲ್ಲಿ ಮಾಡೋಕೆ ಏನಿದೆ?" ಎಂದು ಕೇಳುತ್ತಿದ್ದರು. ಮೊಬೈಲಿಗೆ ಸಿಗ್ನಲ್ ಇಲ್ಲ, ಸುತ್ತ ಬರೀ ಗುಡ್ಡ. ಮಾರನೇ ದಿನ ಬೆಳಿಗ್ಗೆಯೇ ಗಂಟುಮೂಟೆ ಕಟ್ಟುತ್ತಿದ್ದರು.

ಗಂಡ ಮಲ್ಲೇಶ ಇದಕ್ಕೊಂದು ಉಪಾಯ ಹುಡುಕಿದ. ಮಲ್ಲೇಶ ಒಳ್ಳೆಯವನೇ, ಆದರೆ ತಲೆಗೆ ಒಂದು ಹೊಕ್ಕರೆ ಇಳಿಯುವುದು ಕಷ್ಟ. ಒಂದು ಭಾನುವಾರ ಮೂಡಿಗೆರೆಯಿಂದ ಉದ್ದನೆಯ ಪೆಟ್ಟಿಗೆ ತಂದು ಅಂಗಳದಲ್ಲಿ ಬಿಚ್ಚಿದ. ಒಳಗೆ ಬ್ಯಾಟರಿಯಿಂದ ನಡೆಯುವ ಏರ್‌ಸಾಫ್ಟ್ ರೈಫಲ್. ಕಾಳುಮೆಣಸಿಗಿಂತ ತುಸು ದೊಡ್ಡ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು.

"ಅತಿಥಿಗಳು ಎರಡು ಪಾರ್ಟಿ ಮಾಡ್ಕೊಂಡು ತೋಟದಲ್ಲಿ ಆಡ್ಲಿ. ಇದು ಸರಿ ಬಂದ್ರೆ ಇನ್ನಷ್ಟು ತರ್ಸೋಣ," ಎಂದ.

ರುದ್ರಾಣಿಯ ತಂಗಿ ರಶ್ಮಿ ಅಂದು ಅಲ್ಲೇ ಇದ್ದಳು. ಮೂಡಿಗೆರೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಅವಳಿಗೆ ಕಣ್ಣು ಪರೀಕ್ಷೆ ಮಾಡುವ ಕೆಲಸ.

"ಭಾವ, ಇದು ಎಷ್ಟು ಜೋರಾಗಿ ಹೊಡೀತದೆ?"

"ಆಟದ್ದು ಮಾರಾಯ್ತಿ. ಎಂತದೂ ಆಗಲ್ಲ."

"ಹಾಗಾದ್ರೆ ಆ ಡಬ್ಬಕ್ಕೆ ಒಂದು ಹೊಡೀರಿ, ನೋಡೋಣ."

ಗೋಡೆಯ ಮುಂದೆ ಖಾಲಿ ಜ್ಯೂಸ್ ಡಬ್ಬವಿಟ್ಟು ಮಲ್ಲೇಶ ಹೊಡೆದ. ತಗಡು ತೂತಾಯಿತು. ರಶ್ಮಿ ಆ ತೂತಿನೊಳಗೆ ಕಿರುಬೆರಳ ತುದಿ ಇಟ್ಟು ತೋರಿಸಿದಳು.

"ಕಣ್ಣಿನ ಗುಡ್ಡೆ ಈ ತಗಡಿಗಿಂತ ಮೆದು ಭಾವ. ಆಡೋದೇ ಆದ್ರೆ ಸುತ್ತ ಬಲೆ ಕಟ್ಟಿದ ಜಾಗ ಬೇಕು. ಒಳಗೆ ಕಾಲಿಟ್ಟೋರೆಲ್ಲ ಮುಖ ಮುಚ್ಚೋ ಮಾಸ್ಕ್ ಹಾಕ್ಬೇಕು, ನೋಡೋಕೆ ನಿಂತೋರೂ ಸೇರಿ. ಗುಂಡು ತುಂಬೋ ಮ್ಯಾಗಜೀನ್ ತೆಗೆದ್ರೂ ನಳಿಕೆಯೊಳಗೆ ಒಂದು ಗುಂಡು ಉಳಿದಿರ್ಬಹುದು. ದೂರದಿಂದ ನೋಡಿದ್ರೆ ಥೇಟ್ ನಿಜವಾದ ಕೋವಿ. ಮೊದ್ಲು ಪೊಲೀಸ್ ಸ್ಟೇಷನ್ನಲ್ಲಿ ಒಂದ್ಮಾತು ಕೇಳಿ."

"ನಿನ್ನ ಮಾತು ಕೇಳಿದ್ರೆ ದೀಪಾವಳಿ ಪಟಾಕಿಗೂ ಹೆಲ್ಮೆಟ್ ಹಾಕ್ಬೇಕು!" ಮಲ್ಲೇಶ ನಕ್ಕ. "ನಾನು ಕನ್ನಡಕ ಹಾಕ್ತೀನಿ, ಆಯ್ತಲ್ಲ? ತೋಟದ ಕೆಳಗಿನ ಬ್ಲಾಕಲ್ಲಿ ಕೊಯ್ಲು ಮುಗಿದಿದೆ. ಅಲ್ಲಿ ಯಾರಿರ್ತಾರೆ?"

"ಒಂದ್ಸಲ ನೋಡ್ಲಿ ಬಿಡೆ," ಎಂದಳು ರುದ್ರಾಣಿ. ಅವಳ ಮನಸ್ಸು ಖಾಲಿ ಕೋಣೆಗಳ ಮೇಲಿತ್ತು.

ಕಾಫಿಯವರ ಬಾಯಲ್ಲಿ ಕೊಯ್ಲು ಮುಗಿಯಿತು ಅಂದರೆ ಬ್ಲಾಕು ಖಾಲಿ ಎಂದೇ ಅರ್ಥ. ಆದರೆ ಖಾಲಿ ಎಲ್ಲಿರುತ್ತದೆ? ಕೊಯ್ದ ಮೇಲೆ ಬುಡದಲ್ಲಿ ಉದುರಿದ ಹಣ್ಣು ಹೆಕ್ಕಬೇಕು, ಬಿಟ್ಟರೆ ಅದರಲ್ಲಿ ಕಾಯಿಕೊರಕ ಹುಳ ಬೆಳೆಯುತ್ತದೆ. ಹೆಕ್ಕುವವರು ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಗಿಡದ ಮರೆಯಲ್ಲಿ ತಲೆಯೂ ಕಾಣುವುದಿಲ್ಲ. ಅಂದು ಬೆಳಿಗ್ಗೆ ಕೆಲಸದ ತಂಗಮ್ಮನನ್ನು ಅಲ್ಲಿಗೆ ಕಳಿಸಿದವನು ಮಲ್ಲೇಶನೇ. ಬಂದೂಕಿನ ಹುರುಪಿನಲ್ಲಿ ಅದನ್ನು ಮರೆತು, ಹೊಡೆದು ನೋಡಲು ಒಬ್ಬನೇ ಕೆಳಗಿಳಿದ.

ಕೆಳಗಿನಿಂದ ಪಟಪಟ ಸದ್ದು ಕೇಳಿತು, ಅದರ ಹಿಂದೆಯೇ ಒಂದು ಕೂಗು. ರುದ್ರಾಣಿ, ರಶ್ಮಿ ಇಬ್ಬರೂ ಓಡಿದರು. ಎಡಗಣ್ಣು ಮುಚ್ಚಿಕೊಂಡು ತಂಗಮ್ಮ ನೆಲಕ್ಕೆ ಕುಸಿದಿದ್ದಳು. ಮಲ್ಲೇಶ ಬಂದೂಕು ಹಿಡಿದುಕೊಂಡೇ ನಿಂತಿದ್ದ.

"ಉಜ್ಜಬೇಡಿ ತಂಗಮ್ಮ! ಯಾರೂ ನೀರು ಹಾಕ್ಬೇಡಿ, ಒತ್ತಲೂಬೇಡಿ," ಎಂದು ರಶ್ಮಿ ಕೂಗಿದಳು. ಕಣ್ಣಿಗೆ ತಾಗದಂತೆ ಒಂದು ಪೇಪರ್ ಲೋಟ ಕವುಚಿ, ಮೇಲೆ ಪಟ್ಟಿ ಅಂಟಿಸಿ ಜೀಪು ಹತ್ತಿಸಿದಳು. ಮೂಡಿಗೆರೆಯಲ್ಲಿ ನೋಡಿದರು, ದೊಡ್ಡ ಆಸ್ಪತ್ರೆಗೆ ಕಳಿಸಿದರು, ಆಪರೇಷನ್ನೂ ಆಯಿತು. ಆ ಕಣ್ಣಿಗೆ ದೃಷ್ಟಿ ಬರಲಿಲ್ಲ.

ಮುಂದಿನ ಕೊಯ್ಲಿಗೆ ತಂಗಮ್ಮ ಮತ್ತೆ ಬಂದಳು. ಮನೆಯಲ್ಲಿ ಕೂರು ಎಂದು ಮಲ್ಲೇಶ ಎಷ್ಟು ಹೇಳಿದರೂ ಕೇಳಲಿಲ್ಲ. ಗಿಡದ ಮುಂದೆ ನಿಂತು ಹಣ್ಣಿಗೆ ಕೈ ಚಾಚಿದಳು. ಕೈ ಗೊಂಚಲಿಗಿಂತ ಈಚೆಗೇ ಮುಚ್ಚಿಕೊಂಡಿತು.

"ಹಣ್ಣು ಕಾಣ್ತದೆ ಅಮ್ಮ. ಒಂದೇ ಕಣ್ಣಲ್ಲಿ ಎಷ್ಟು ದೂರ ಇದೆ ಅಂತ ತಿಳಿಯಲ್ಲ," ಎಂದಳು.

'ನೋಡ್ಲಿ ಬಿಡೆ' ಎಂದ ತನ್ನ ನಾಲಿಗೆಯ ಮೇಲೆ ರುದ್ರಾಣಿಗೇ ಹೇಸಿಗೆಯಾಯಿತು. ಮಲ್ಲೇಶ ಬಂದು ಕೊಂಬೆ ಬಗ್ಗಿಸಿ ತಂಗಮ್ಮನ ಕೈಗೆ ತಾಗಿಸಿದ. ಆ ಮನೆಗೆ ಬಂದೂಕಿನ ಆಟ ಮತ್ತೆ ಬರಲಿಲ್ಲ. ಆಡಿಸುತ್ತೀರಾ ಎಂದು ಕೇಳಿದ ಅತಿಥಿಗಳಿಗೆ ಮಲ್ಲೇಶ ನಡೆದದ್ದನ್ನು ಮುಚ್ಚಿಡದೆ ಹೇಳುತ್ತಾನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇಂಥ ಬಂದೂಕು ಕೊಳ್ಳುವ ಮುಂಚೆ ಅದರ ಹೊಡೆತ ಎಷ್ಟು ಜೋರು ಎಂದು ತಿಳಿದುಕೊಳ್ಳಿ. ಮಾಸ್ಕ್ ಇಲ್ಲದೆ, ಬಲೆ ಕಟ್ಟಿದ ಜಾಗವಿಲ್ಲದೆ ಆಡಬೇಡಿ, ಆಡಿಸಬೇಡಿ. ಜನ ದುಡಿಯುವ ತೋಟವಂತೂ ಆಟದ ಬಯಲಲ್ಲ. ಯಾರೂ ಇಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ನಡೆದು ಹೋಗಿ ಪ್ರತಿ ಗಿಡದ ಬುಡ ನೋಡಿ. ಮಲ್ಲೇಶ ನೋಡಲಿಲ್ಲ. ತಂಗಮ್ಮ ಇವತ್ತಿಗೂ ಕೊಂಬೆ ಎಲ್ಲಿದೆಯೆಂದು ತಡವುತ್ತಿದ್ದಾಳೆ.