ಬಾಗಿಲು ಮುಚ್ಚಲಾರದ ನಲುಬೋವಾ

ಮಸಾಕ ಪಟ್ಟಣದ ನಮ್ಮ ಕಚೇರಿಯಲ್ಲಿ ನಲುಬೋವಾಳ ಎದುರಿಗೆ ಸಿಕ್ಕವರು ಅವಸರದಲ್ಲಿದ್ದರೆ ಕೆಟ್ಟರು. ರಾತ್ರಿ ನಿದ್ದೆ ಹೇಗಿತ್ತು ಎಂಬಲ್ಲಿಂದ ಹಿಡಿದು ಮನೆ, ಮಕ್ಕಳು, ಬಾಳೆತೋಟ, ಅತ್ತೆಯ ಮಂಡಿನೋವಿನವರೆಗೆ ಕುಶಲಪ್ರಶ್ನೆಯ ಸರಪಳಿ ಮುಗಿಯದೆ ಆಕೆ ದಾರಿ ಬಿಡುತ್ತಿರಲಿಲ್ಲ. ಹಿರಿಯರು ಎದುರಾದರಂತೂ, ಕಂಪ್ಯೂಟರುಗಳನ್ನು ತಣ್ಣಗಿಡುವ ಯಂತ್ರಕೋಣೆಯ ಚಳಿಗೆಂದು ತೊಟ್ಟ ಹಸಿರು ಕೋಟನ್ನು ಮುದ್ದೆಮಾಡಿ ಹಿಡಿದು, ನಮ್ಮ ಕಡೆಯ ಪದ್ಧತಿಯಂತೆ ನೆಲಕ್ಕೆ ಮಂಡಿಯೂರಿಯೇ ಮಾತಿಗೆ ಆರಂಭ. "ಅರ್ಧ ನಮಸ್ಕಾರ ಮಾಡೋದಕ್ಕಿಂತ ಮುಖ ತಿರುಗಿಸ್ಕೊಂಡು ಹೋಗೋದು ವಾಸಿ" ಎಂಬುದು ಆಕೆಯ ಸಿದ್ಧಾಂತ.

ನರ್ಸಿಂಗ್ ಶಾಲೆಗಳ ಪ್ರವೇಶ ನಡೆಸುವ ನಮ್ಮ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿದ್ದವಳು ಆಕೆಯೇ. ಅದಕ್ಕೆ ಹೆಬ್ಬಾಗಿಲಾಗಿದ್ದ ಫೈರ್‌ವಾಲ್ ಪೆಟ್ಟಿಗೆಗೂ ತನ್ನ ಬುದ್ಧಿಯನ್ನೇ ಕಲಿಸಿದ್ದಳು: ಹೊರಗಿನ ಕಂಪ್ಯೂಟರು ಒಳಬರಲು ಮೊದಲ ನಮಸ್ಕಾರ ಹೇಳಿದೊಡನೆ ಒಳಗೊಂದು ಜಾಗ ಹಿಡಿದಿಟ್ಟು, ಮರುಮಾತು ಬರುವವರೆಗೆ ಸಾವಧಾನವಾಗಿ ಕಾಯಬೇಕು. ಕಾಬೊಂಗ್‌ನಂಥ ದೂರದೂರಿನ ಹುಡುಗಿಯರ ಇಂಟರ್ನೆಟ್ ಲೈನು ನಿಧಾನ. ಅವರ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿದರೆ ಪಾಪ, ಎಲ್ಲಿಗೆ ಹೋದಾರು? ಹೀಗೆ ಜಾಗ ಹಿಡಿದು ಕಾಯುವುದು ಅಪಾಯವೆಂದು ಪೆಟ್ಟಿಗೆಯ ತಯಾರಕರು ತಂತ್ರಾಂಶದ ತಿದ್ದುಪಡಿ ಕಳಿಸಿದ್ದರು. ಅದನ್ನು ಹಾಕಲು ಅರ್ಧ ಗಂಟೆ ಬಾಗಿಲು ಮುಚ್ಚಬೇಕೆಂದು ಈಕೆ ನಾಳೆ ನಾಳೆ ಎನ್ನುತ್ತ ಬಂದಿದ್ದಳು.

ಸೀಟು ಖಚಿತಪಡಿಸುವ ಕಡೆಯ ದಿನ ಯಾರೋ ಪುಂಡರು ಆ ಸೌಜನ್ಯಕ್ಕೇ ಕನ್ನ ಹಾಕಿದರು. ನಮಸ್ಕಾರ ಹೇಳಿ ಮಾಯವಾಗುವ ಸುಳ್ಳು ಅತಿಥಿಗಳ ಪ್ರವಾಹ. ಒಬ್ಬೊಬ್ಬರಿಗೂ ಜಾಗ ಹಿಡಿದು ಕಾದೂ ಕಾದೂ ಪೆಟ್ಟಿಗೆ ಉಸಿರುಗಟ್ಟಿ ಬಿತ್ತು, ಎದ್ದಿತು, ಮತ್ತೆ ಬಿತ್ತು. ಸಂಜೆ ಐದರೊಳಗೆ ಒಳಬರದ ಹುಡುಗಿಗೆ ಸೀಟಿಲ್ಲ.

ಮೇಲಧಿಕಾರಿ ಸ್ಸೆಮ್ವಾಂಗಾ ಏದುಸಿರು ಬಿಡುತ್ತ ಬಂದರು. "ಕಾಯೋ ಹೊತ್ತು ಕಡಿಮೆ ಮಾಡಮ್ಮ, ಮುಗೀತು."

"ಮಾಡಿದ್ರೆ ಕಾಬೊಂಗ್ ಹುಡುಗೀರೇ ಮೊದಲು ಆಚೆ ಬೀಳೋದು ಸಾರ್. ತಿದ್ದುಪಡಿ ಹಾಕ್ತೀನಿ. ಆಮೇಲೆ ಇದು ಮೊದಲ ನಮಸ್ಕಾರಕ್ಕೆ ಜಾಗ ಹಿಡಿಯಲ್ಲ, ಚೀಟಿ ಕೊಡತ್ತೆ. ಚೀಟಿ ಹಿಡ್ಕೊಂಡು ತಿರುಗಿ ಬಂದೋರಿಗಷ್ಟೇ ಜಾಗ. ನಿಧಾನಕ್ಕೆ ಬಂದ್ರೂ ಸೈ."

"ಇವತ್ತೇ ಬಂದ್ ಮಾಡ್ತೀಯಾ? ಜನ ನನ್ನ ಚರ್ಮ ಸುಲೀತಾರೆ."

"ನನ್ನ ಕೋಟು ಕೊಡ್ತೀನಿ, ಮೇಲೆ ಹಾಕ್ಕೊಳ್ಳಿ."

ಎಂದವಳೇ ಮಾತನ್ನು ಅರ್ಧಕ್ಕೆ ಬಿಟ್ಟು ಒಳನಡೆದಳು. ಆಕೆ ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅರ್ಧ ಗಂಟೆ ಫೋನಿನಲ್ಲಿ ಬೈಗುಳದ ಸುರಿಮಳೆ. ಬಾಗಿಲು ತೆರೆದಾಗ ಸುಳ್ಳು ಅತಿಥಿಗಳು ಯಾರೂ ಚೀಟಿ ಹಿಡಿದು ಮರಳಲಿಲ್ಲ. ಕಾಬೊಂಗ್‌ನ ಕೊನೆಯ ಹುಡುಗಿ ಐದಕ್ಕೆ ತುಸು ಮುಂಚೆ ತನ್ನ ನಿಧಾನದ ಲೈನಿನಲ್ಲಿ ತೆವಳಿಕೊಂಡು ಒಳಬಂದಳು. ನಲುಬೋವಾ ನಕ್ಕಳು, ಸ್ವಲ್ಪ ಅತ್ತಳು ಕೂಡ. ನಮಗೆಲ್ಲ ಆಕೆಯ ಮೇಲೆ ಪ್ರೀತಿ ಉಕ್ಕಿಬಂತು.

ಇಂಥ ಜೀವಗಳಿಗೆ ಬಾಗಿಲು ತೆರೆಯುವುದು ಸ್ವಭಾವ, ಮುಚ್ಚುವುದು ಸಂಕಟ. ಆ ಸಂಕಟವನ್ನೇ ಅರಿಯದವರ ಕೈಗೆ ಬೀಗದ ಕೈ ಕೊಡಬಾರದು.