ಮೂರನೇ ಮಹಡಿಯ ಮನೆ

ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತರೆ ಲೆಕ್ಕದ ಮೇಷ್ಟ್ರಿಗೆ ಒಂದೇ ವಿಷಯ. "ದೇಶಸೇವೆ ಅಂದ್ರೆ ಗಡೀಲಿ ಬಂದೂಕು ಹಿಡಿಯೋದೊಂದೇ ಅಲ್ಲ ಕಣ್ರೀ. ವಹಿಸಿದ ಕೆಲಸ ನೆಟ್ಟಗೆ ಮಾಡಿದ್ರೆ ಅದೂ ಸೇವೇನೇ." ಆಮೇಲೆ ಗಣತಿಯ ಕಥೆ ಬರುತ್ತಿತ್ತು. ಐದು ವರ್ಷದ ಹಿಂದೆ, ನಿವೃತ್ತಿಗೆ ಸ್ವಲ್ಪ ಮುಂಚೆ, ಮನೆಮನೆ ಗಣತಿಯಲ್ಲಿ ಇಡೀ ಊರಿಗೇ ಮೊದಲು ಕೆಲಸ ಮುಗಿಸಿದವರು ಅವರೇ. ಆಗ ಸಿಕ್ಕ ಪ್ರಶಂಸಾಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಗೆಳೆಯರಿಗೆ ಆ ಕಥೆ ಬಾಯಿಪಾಠವಾಗಿತ್ತು. ಅದು ಶುರುವಾಗುತ್ತಲೇ ಒಬ್ಬೊಬ್ಬರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಅವತ್ತು ಮನೆಗೆ ಬಂದರೆ ಹೆಂಡತಿ ಒಂದು ಪ್ಯಾಂಟು ಕೈಗಿಟ್ಟರು.

"ಸೊಂಟ ಕರಗಿ ಜಾರ್ತಾ ಇದೆ. ಬೇಕರಿ ಮೇಲೆ ಮೂರನೇ ಮಹಡೀಲಿ ಒಬ್ಬಳು ಚೆನ್ನಾಗಿ ಹೊಲೀತಾಳಂತೆ. ಕೊಟ್ಟು ಬನ್ನಿ."

"ಅಷ್ಟು ಎತ್ತರಾನಾ?"

"ಮೆಟ್ಟಿಲು ಹತ್ತಿದ್ರೆ ಯಾರೂ ಸವೆದುಹೋಗಲ್ಲ."

ಮೇಷ್ಟ್ರು ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು. ಇದ್ದದ್ದು ಒಂದೇ ಕೋಣೆ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು, ಮಂಚದ ತುಂಬ ಬಟ್ಟೆಯ ಗಂಟುಗಳು. ಕೊರಳಿಗೆ ಟೇಪು ಹಾಕಿಕೊಂಡ ಹೆಂಗಸು ಎದ್ದು ಪ್ಯಾಂಟು ಇಸಿದುಕೊಂಡಳು. ನೆಲದ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗುಂಡಿಗಳನ್ನು ಬಣ್ಣ ನೋಡಿ ಬೇರೆಬೇರೆ ಡಬ್ಬಿಗೆ ಹಾಕುತ್ತಿದ್ದಳು.

"ಏನಮ್ಮ, ಎಷ್ಟು ಗುಂಡಿ ಎಣಿಸಿದೆ?" ಎಂದರು ಮೇಷ್ಟ್ರು. ಹುಡುಗಿ ತಲೆ ಎತ್ತಲಿಲ್ಲ.

"ಅವಳಿಗೆ ಕಿವಿ ಕೇಳ್ಸಲ್ಲ ಸರ್. ಹುಟ್ಟಿನಿಂದ್ಲೂ."

"ಶಾಲೆ?"

"ಹೋಗ್ತಾಳೆ. ಕೊನೇ ಬೆಂಚಲ್ಲಿ ಕೂರಿಸ್ತಾರೆ. ಬೋರ್ಡ್ ಮೇಲಿರೋದನ್ನ ಚಿತ್ರ ಬಿಡಿಸಿದ ಹಾಗೆ ಬರ್ಕೊಂಡು ಬರ್ತಾಳೆ. ಅದೇನು ಅಂತ ಅವಳಿಗೂ ಗೊತ್ತಿಲ್ಲ."

"ಇಂಥ ಮಕ್ಕಳಿಗೆ ಕೈಸನ್ನೆ ಭಾಷೆ ಕಲಿಸೋ ಟೀಚರ್ ಕೊಡ್ತಾರಲ್ಲಮ್ಮ?"

"ಊರಲ್ಲಿ ಹತ್ತು ಮಕ್ಕಳಿದ್ರೆ ಕೊಡ್ತಾರಂತೆ. ಗಣತೀಲಿ ಸಿಕ್ಕಿದ್ದು ಒಂಬತ್ತೇ ಅಂತೆ." ಅವಳು ಪ್ಯಾಂಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. "ನಮ್ಮನೆಗೆ ಯಾರೂ ಬರ್ಲೇ ಇಲ್ಲ ಸರ್. ಆರು ವರ್ಷದಿಂದ ಇಲ್ಲೇ ಇದೀವಿ. ಹಗಲೆಲ್ಲ ಮಿಷನ್ ಮುಂದೇನೇ ಇರ್ತೀನಿ."

ಈ ಬೀದಿ ಮೇಷ್ಟ್ರ ಪಾಲಿಗೇ ಬಂದಿತ್ತು. ಗಣತಿಯ ಕೊನೆಯ ಮಧ್ಯಾಹ್ನ ಅವರು ಬೇಕರಿಯ ಮುಂದೆ ನಿಂತು ತಲೆ ಎತ್ತಿ ನೋಡಿದ್ದರು. ಮೇಲೆ ಒಂದು ಹೊಲಿಗೆ ಮಿಷನ್ನು ಓಡುತ್ತಿತ್ತು. ಅದು ನಿಂತು ಮತ್ತೆ ಓಡಿದ್ದೂ ಕೇಳಿಸಿತ್ತು. ಬೇರೆ ಬೀದಿಗಳ ಗಣತಿ ಮಾಡುತ್ತಿದ್ದ ಇನ್ನೊಬ್ಬ ಮೇಷ್ಟ್ರಿಗೆ ಇನ್ನು ಹನ್ನೊಂದೇ ಮನೆ ಉಳಿದಿವೆ ಎಂಬ ಸುದ್ದಿ ಆಗ ತಾನೇ ಬಂದಿತ್ತು. ಇವರು ಅಲ್ಲೇ ನಿಂತು, 'ಮೂರನೇ ಮಹಡಿ: ಬೀಗ ಹಾಕಿದೆ' ಎಂದು ಬರೆದು ಮುಂದಿನ ಮನೆಗೆ ನಡೆದಿದ್ದರು. ಈಗ ಅದನ್ನು ಹೇಳದೆಯೇ ಕೆಳಗಿಳಿದರು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, "ನೀವೊಬ್ರೇನಾ? ಸುಡು ಬಿಸಿಲಲ್ಲಿ ಎಲ್ಲರೂ ಒಂದೆರಡು ಮನೆ ಹಾರಿಸಿರ್ತಾರೆ. ಸುಮ್ನಿರಿ," ಎಂದರು. ಅವರ ಮಾತು ಸುಳ್ಳೇನಲ್ಲ.

ಆದರೂ ಮರುದಿನ ಮೇಷ್ಟ್ರು ಗಣತಿ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಅವರ ಹಳೆಯ ವಿದ್ಯಾರ್ಥಿ. ಕುರ್ಚಿ ಒರೆಸಿ ಕೂರಿಸಿ, ವಿಷಯ ಕೇಳಿಕೊಂಡ.

"ಬೀಗ ಅಂತ ಇರೋ ಮನೇನ ಮುಂದಿನ ಗಣತಿವರೆಗೂ ಸೇರಿಸೋಕಾಗಲ್ಲ ಸರ್. ಗಣತಿ ಮಾಡಿದವರದೇ ತಪ್ಪು ಅಂತ ಅವರೇ ಬರೆದುಕೊಟ್ರೆ ಮಾತ್ರ ಪಟ್ಟಿ ತಿದ್ದಬಹುದು. ಆದ್ರೆ ಆ ಕಾಗದ ಒಂದು ತಿಂಗಳು ನೋಟಿಸ್ ಬೋರ್ಡಲ್ಲಿರಬೇಕು, ಹೆಸರಿನ ಸಮೇತ." ಅವನು ದನಿ ತಗ್ಗಿಸಿದ. "ಬೇಡ ಬಿಡಿ ಸರ್. ಅರ್ಧ ಊರಿಗೆ ನೀವೇ ಪಾಠ ಹೇಳಿದೀರಿ. ಎಲ್ಲರೂ ಓದ್ತಾರೆ. ಮುಂದಿನ ಗಣತಿಗೆ ಇನ್ನು ಐದೇ ವರ್ಷ."

"ಅಷ್ಟೊತ್ತಿಗೆ ಆ ಮಗೂಗೆ ಹದಿನಾಲ್ಕಪ್ಪ. ಫಾರಂ ಕೊಡು."

'ಮನೆ ಗಣತಿಯಿಂದ ಬಿಟ್ಟುಹೋದ ಕಾರಣ' ಎಂಬ ಜಾಗದಲ್ಲಿ ಅವರು ಬಹಳ ಹೊತ್ತು ಪೆನ್ನು ಊರಿದರು. ಆಮೇಲೆ ಬರೆದರು: 'ಮನೆಯಲ್ಲಿ ಜನ ಇದ್ದರು. ನನಗೆ ಗೊತ್ತಿತ್ತು. ನಾನು ಮೆಟ್ಟಿಲು ಹತ್ತಲಿಲ್ಲ.'

ಆ ಫಾರಮ್ಮಿಗೆ ತಾಯಿಯ ಸಹಿಯೂ ಬೇಕಿತ್ತು. ಹೊಲಿಗೆಯವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

"ಅವತ್ತು ಮಿಷನ್ ಸದ್ದು ಕೇಳಿಸ್ತಾ ನಿಮಗೆ?"

"ಕೇಳಿಸ್ತಮ್ಮ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಸಹಿ ಮಾಡಿ, ಸರಿಮಾಡಿದ ಪ್ಯಾಂಟು ಮಡಿಚಿ ಕೊಟ್ಟು, ಬೆನ್ನು ತಿರುಗಿಸಿ ಮಿಷನ್ನಿಗೆ ಕೂತಳು.

ಕಾಗದ ಬೋರ್ಡಿಗೆ ಬಂತು. ಪಾರ್ಕಿನ ಬೆಂಚಿನಲ್ಲಿ ಮೇಷ್ಟ್ರು ಬಂದ ಕೂಡಲೇ ಮಾತು ನಿಲ್ಲತೊಡಗಿತು. ನಡುಮನೆಯ ಪ್ರಶಂಸಾಪತ್ರವನ್ನು ಅವರೇ ಇಳಿಸಿದರು. ಮೂರು ತಿಂಗಳಿಗೆ ಕೈಸನ್ನೆ ಟೀಚರ್ ಬಂದು, ಶಾಲೆಯ ಕೆಳಗಿನ ಕೋಣೆಯಲ್ಲಿ ತರಗತಿ ಶುರುವಾಯಿತು. ಕರೆಯದಿದ್ದರೂ ಮೇಷ್ಟ್ರು ಹೋಗಿ ಬಾಗಿಲ ಹೊರಗೆ ನಿಂತರು. ಹೊಲಿಗೆಯವಳೂ ಬಂದಿದ್ದಳು. ಇವರ ಕಡೆ ನೋಡಲಿಲ್ಲ.

ಒಂದು ಮಗುವಿಗೆ ಅನ್ಯಾಯ ಮಾಡಿದೆ ಎಂದುಕೊಂಡೇ ಅವರು ಬಂದಿದ್ದರು. ಒಳಗೆ ಹತ್ತು ಮಕ್ಕಳಿದ್ದರು. ಪುಟ್ಟ ಮಕ್ಕಳ ತರಗತಿ ಅಂತ ಕಚೇರಿಯವರು ಮೊಣಕಾಲೆತ್ತರದ ಬೆಂಚು ಕಳಿಸಿದ್ದರು. ಅದರಲ್ಲಿ ಎಲ್ಲರೂ ಕಾಲು ಮಡಿಸಿ, ಸೊಟ್ಟಗೆ ಕೂತಿದ್ದರು. ಟೀಚರ್ ಬೆರಳು ತೋರಿಸಿ ವಯಸ್ಸು ಕೇಳಿದರು. ಒಬ್ಬ ಎಂಟು ಬೆರಳು ಎತ್ತಿದ. ಹೊಲಿಗೆಯವಳ ಮಗಳು ಒಂಬತ್ತು. ಹಿಂದಿನ ಉದ್ದನೆಯ ಹುಡುಗಿ ಹತ್ತೂ ಬೆರಳು ಎತ್ತಿ, ಸಾಲದೆ ಇನ್ನೆರಡು ಎತ್ತಿದಳು. ಆಮೇಲೆ ಟೀಚರ್ ಮೂರು ವರ್ಷದ ಮಗುವಿಗೆ ಹೇಳಿಕೊಡುವ ಮೊದಲ ಪಾಠ ಶುರುಮಾಡಿದರು: ಅಮ್ಮ.

ಆ ಒಂದು ಮನೆ ಸೇರಿದ್ದರೆ ಈ ಟೀಚರ್ ಐದು ವರ್ಷದ ಹಿಂದೆಯೇ ಬರುತ್ತಿದ್ದರು, ಹತ್ತೂ ಮಕ್ಕಳಿಗೆ. ಹತ್ತೈದಲ ಐವತ್ತು. ಮೂವತ್ತು ವರ್ಷ ಮಗ್ಗಿ ಹೇಳಿಸಿದ ಮೇಷ್ಟ್ರಿಗೆ ಅದು ಬೇಡವೆಂದರೂ ಬಂತು. ಅವರು ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ಗೋಡೆಗೆ ಒರಗಿದರು.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ದನಿ ಕೇಳಿಸಿತು. ಮೂರು ತಿಂಗಳಲ್ಲಿ ಹೊಲಿಗೆಯವಳು ಆಡಿದ ಮೊದಲ ಮಾತು.

"ಮಕ್ಕಳ ಕಾಲು ನೋಯುತ್ತೆ. ಮೇಲಿನ ಮಹಡೀಲಿ ದೊಡ್ಡ ಬೆಂಚುಗಳಿವೆಯಂತೆ. ಒಂದು ಕಡೆ ಹಿಡ್ಕೋತೀರಾ?"

ಬೇಕಾದದ್ದು ಐದು ಬೆಂಚು. ಇಬ್ಬರೂ ಐದು ಸಲ ಹತ್ತಿ ಇಳಿದರು. ಮೇಷ್ಟ್ರು ನಡುವೆ ಎಲ್ಲೂ ನಿಲ್ಲಲಿಲ್ಲ.