ಎಡಕ್ಕೆ ತಿರುಗುವ ಬಾಣ

ಇನ್ನೂ ಕೆಂಪೇ, ಎಡಕ್ಕೆ ತಿರುಗಿದ ಆ ಬಾಣ ಕೆಂಪಾಗಿಯೇ ಕೂತಿದೆ, ಪಕ್ಕದ ಲೇನಿನವರು ನೇರ ಹೋದರು, ಎದುರಿನವರೂ ಹೋಗುತ್ತಲೇ ಇದ್ದಾರೆ, ನಮಗೆ ಮಾತ್ರ ಇಲ್ಲ, ಈ ಸಿಗ್ನಲ್ಲಿಗೆ ನನ್ನ ಮೇಲೆ ಏನು ಹಗೆಯೋ — ಸ್ಟೀರಿಂಗ್ ಕಾದು ಅಂಗೈ ಚುರುಗುಟ್ಟುತ್ತಿದೆ, ಆಗಸ್ಟಿನ ಮೂರು ನಲವತ್ತರ ಬಿಸಿಲು, ಎ.ಸಿ. ಕೆಟ್ಟು ಎರಡು ಬೇಸಿಗೆ ಆಯಿತು, ಮಾಡಿಸಬೇಕು, ಎಲ್ಲ ಮಾಡಿಸಬೇಕು, ಮೊದಲು ಇವತ್ತು ಕಳೆಯಲಿ, ನಾಲ್ಕಕ್ಕೆ ಆ ಹೆಂಗಸು ಮನೆಗೆ ಬರುತ್ತಾಳೆ, ಕೋರ್ಟಿನವರು ಕಳಿಸುವ ಹೆಂಗಸು, ಹೋದ ಸಲ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದವಳು, ಹಾಲಿದೆಯೇ, ಮೊಟ್ಟೆ ಇದೆಯೇ, ಮಗುವಿಗೆ ತನ್ನದೇ ಹಾಸಿಗೆ ಇದೆಯೇ — ಎಲ್ಲ ಇದೆ ತಾಯಿ, ಬೆಳಗ್ಗೆ ಎದ್ದವಳೇ ನೆಲ ಒರೆಸಿದ್ದೇನೆ, ಹಾಸಿಗೆಗೆ ಹಳದಿ ಹೊದಿಕೆ ಹಾಕಿದ್ದೇನೆ, ಬಾತ್‌ರೂಮಿನ ಕನ್ನಡಿಯ ಹಿಂದಿನ ಕಪಾಟಿನಲ್ಲಿ ಹಲ್ಲುಜ್ಜುವ ಪೇಸ್ಟು ಬಿಟ್ಟರೆ ಏನೂ ಇಲ್ಲ, ತೆಗೆದು ನೋಡಲಿ, ಮೂಸಿ ನೋಡಲಿ. ಇವತ್ತು ಅವಳು ಸರಿ ಎಂದು ಬರೆದರೆ ಸೋಮವಾರ ಜಡ್ಜು ಸಹಿ ಹಾಕುತ್ತಾರೆ, ಜೂನಿ ನನ್ನವಳಾಗುತ್ತಾಳೆ, ಎರಡು ವರ್ಷದಿಂದ ನನ್ನ ಪಕ್ಕದಲ್ಲೇ ಮಲಗುವ ಮೊಮ್ಮಗಳು ಕಾಗದದ ಮೇಲೂ ನನ್ನವಳು, ಬರೆಯದಿದ್ದರೆ ಯಾರದೋ ಊರು, ಯಾರದೋ ಮನೆ, ಆರು ವರ್ಷದ ಕೂಸು ರಾತ್ರಿ ಎದ್ದು ಅಜ್ಜಿ ಎಂದರೆ ಯಾರು ಓ ಎನ್ನುತ್ತಾರೆ. ಕಾರಿನ ಕನ್ನಡಿಯಲ್ಲಿ ನೋಡಿದರೆ ಬಿಳಿ ಕಾರೊಂದು ಬಂದು ಹಿಂದೆ ನಿಂತಿತು, ಮೇಲೆ ನೀಲಿ ದೀಪದ ಪಟ್ಟಿ, ಪೊಲೀಸು, ಬಾಗಿಲ ಮೇಲಿನ ಗುರುತು ನಮ್ಮ ಅರ್ಕಾನ್ಸಾಸ್ ಕಡೆಯವರದು, ಗಡಿ ದಾಟಿ ಈ ಟೆಕ್ಸಾಸ್ ಕಡೆ ಊಟಕ್ಕೆ ಬಂದಿದ್ದನೇನೋ, ಬರಲಿ, ನಾನೇನು ಮಾಡಿದ್ದೇನೆ, ನನ್ನ ಬ್ರೇಕ್ ದೀಪ ಸರಿಯಿದೆ, ಹೆದರಲು ಏನೂ ಇಲ್ಲ.

ಅಜ್ಜಿ, ಈ ಕೋಕೋ ಯಾಕೆ ಹಸಿರಾಗಿದೆ, ಅಂದಳು ಜೂನಿ ಹಿಂದಿನ ಸೀಟಿನಿಂದ. ಯಾವ ಕೋಕೋ ಪುಟ್ಟಿ, ಅಂದೆ, ಬಾಣ ನೋಡುತ್ತಲೇ ಅಂದೆ. ಇದೇ ಅಜ್ಜಿ, ನಿನ್ ಡಬ್ಬಿ, ನನ್ ಬಣ್ಣದ ಪುಸ್ತಕದ ಚೀಲದಲ್ಲಿತ್ತು, ಮಾರ್ವೆಲ್ಲಾ ಹಾಕಿದ್ಲು, ಮುಚ್ಚಳ ತುಂಬಾ ಬಿಗಿ, ಆದ್ರೂ ನಾನೇ ತೆಗ್ದೆ. ಕನ್ನಡಿಯಲ್ಲಿ ನೋಡುತ್ತೇನೆ — ಕಂದು ಬಣ್ಣದ ಕೋಕೋ ಡಬ್ಬಿ ತೊಡೆಯ ಮೇಲೆ, ಮುಚ್ಚಳ ಸೀಟಿನ ಮೇಲೆ, ಬಿಳಿ ಅಂಗಿಯ ಮೇಲೆ ಹಸಿರು, ಮೂಗಿನ ತುದಿಗೆ ಹಸಿರು, ಎರಡೂ ಕೈ ಮಣಿಕಟ್ಟಿನವರೆಗೆ ಹಸಿರು. ಬಾಯಿಗೆ ಹಾಕಿದ್ಯೇನೇ, ಅಂದೆ. ಒಂದೇ ಒಂದ್ ಬೆರಳು ನೆಕ್ಕಿದೆ, ಥೂ, ಕಹಿ, ಉಗ್ದುಬಿಟ್ಟೆ, ಇದನ್ನ ಯಾರು ಕುಡೀತಾರೆ ಅಜ್ಜಿ. ನಾನು ಕುಡಿಯುತ್ತೇನೆ ಮಗಳೇ, ನಾಲ್ಕು ವರ್ಷದಿಂದ, ದಿನಕ್ಕೆ ಎರಡು ಸಲ, ಕಿತ್ತಳೆ ರಸದಲ್ಲಿ ಕಲಸಿ ಮೂಗು ಮುಚ್ಚಿಕೊಂಡು — ಹೇಳಲಿಲ್ಲ, ಮುಚ್ಚು ಅದನ್ನ, ಈಗಲೇ ಮುಚ್ಚು, ಅಂದೆ ಅಷ್ಟೇ.

ಮಾರ್ವೆಲ್ಲಾ, ನಿನ್ನ ಒಳ್ಳೆಯತನಕ್ಕೆ ಬೆಂಕಿ ಬೀಳ. ಬೆಳಗ್ಗೆ ನಾವಿಬ್ಬರೂ ದುಡಿಯುವ ಕ್ಯಾಂಟೀನಿನ ಮ್ಯಾನೇಜರು ಬಂದು, ಲಾಕರಿಗೆಲ್ಲ ಬಣ್ಣ ಹೊಡೀತಾರೆ, ಸಂಜೆಯೊಳಗೆ ಖಾಲಿ ಮಾಡಿ, ಅಂದರು, ನಾನು ಪೀಚ್ ಕಡುಬಿನ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದೆ, ಮಾರ್ವೆಲ್ಲಾ, ನಂದೂ ಸ್ವಲ್ಪ ತೆಗೆದಿಡು ಅಂದೆ, ತೆಗೆದಿಡು ಎಂದರೆ ನಿನ್ನ ಹತ್ತಿರ ಇಟ್ಟುಕೋ ಎಂದು, ನಿನ್ನ ಮನೆಯಲ್ಲಿ, ಟೆಕ್ಸಾಸ್ ಕಡೆ — ಅವಳು ಪಾತ್ರೆ ತೊಳೆಯುತ್ತ, ಆಯ್ತು ಮಿಸ್ ವರ್ಲೀನ್, ಎಲ್ಲಾ ನಿಮ್ ಕಾರಿಗೇ ಹೋಗುತ್ತೆ, ತಲೆ ಕೆಡಿಸ್ಕೋಬೇಡಿ, ಅಂದಿದ್ದಳು, ಕೇಳಿಸಿತ್ತು ನನಗೆ, ಕೇಳಿಸಿಯೂ ಒಳಗೆ ಇಳಿಯಲಿಲ್ಲ. ಟೆಕ್ಸಾಸಿನಲ್ಲಿ ಹುಟ್ಟಿ ಟೆಕ್ಸಾಸಿನಲ್ಲೇ ಮಲಗುವವಳಿಗೆ ಎರಡು ರಾಜ್ಯಗಳ ಗಡಿಯೇ ನಡುವೆ ಹಾದ ಈ ಸ್ಟೇಟ್ ಲೈನ್ ರಸ್ತೆ ಬರೀ ಒಂದು ರಸ್ತೆ. ನಮಗೆ ಹಾಗಲ್ಲ, ಅರ್ಕಾನ್ಸಾಸ್ ಕಡೆ ಮನೆ ಮಾಡಿಕೊಂಡು ಈ ಕಡೆ ದುಡಿಯುವವರಿಗೆ ಈ ರಸ್ತೆಯ ನಟ್ಟನಡುವೆ ಗೋಡೆಯೇ ಇದೆ, ಕಾಣುವುದಿಲ್ಲ ಅಷ್ಟೆ. ನನ್ನ ಚಕ್ರ ನಿಂತಿರುವುದು ಟೆಕ್ಸಾಸಿನಲ್ಲಿ, ಇಲ್ಲಿ ಆ ಡಬ್ಬಿಯೊಳಗಿನ ಕ್ರೇಟಮ್ ಎಂದರೆ ಯಾವುದೋ ದೂರದೇಶದ ಮರದ ಎಲೆಪುಡಿ, ಹದಿನೆಂಟು ತುಂಬಿದವರು ಯಾರು ಬೇಕಾದರೂ ಪೆಟ್ರೋಲ್ ಬಂಕಿನ ಗಲ್ಲಾದ ಪಕ್ಕದಿಂದ ಎತ್ತಿಕೊಂಡು ಹೋಗಬಹುದು, ಚೂಯಿಂಗ್ ಗಮ್ಮಿನ ಜೊತೆ ತೂಗುಹಾಕಿರುತ್ತಾರೆ, ಎದುರಿನ ಲೇನು ಅರ್ಕಾನ್ಸಾಸು, ಅಲ್ಲಿ ಅದೇ ಪುಡಿ ಹೆರಾಯಿನ್ನಿನ ಪಟ್ಟಿಯಲ್ಲಿದೆ. ಹನ್ನೆರಡು ಅಡಿ ಇರಬಹುದು ನಡುವೆ. ನಾನು ವಕೀಲರನ್ನು ಕೇಳಿದ್ದೆ, ನನ್ನ ಪರಿಚಯದವಳೊಬ್ಬಳು ಇದ್ದಾಳೆ ಸಾರ್, ಎಂದು ಶುರುಮಾಡಿ, ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು, ಆ ಪರಿಚಯದವರಿಗೆ ಹೇಳಿ ಟ್ಯಾಕೆಟ್ ಅವರೇ, ಮೊಮ್ಮಗಳು ಬೇಕು ಅಂದ್ರೆ ಆ ಪುಡಿ ಒಂದು ಚಮಚಾನೂ ಅರ್ಕಾನ್ಸಾಸ್ ಕಡೆ ಬರಬಾರದು, ಬಂದ್ರೆ ಜೈಲು, ನಾನಿರಲಿ ಯಾರೂ ಏನೂ ಮಾಡಕ್ಕಾಗಲ್ಲ. ಹೊಟ್ಟೆಯಲ್ಲಿ ಬಂದ್ರೆ, ಎಂದು ಕೇಳಿದ್ದೆ. ಅವರಿಗೆ ನಗು ಬಂತು, ಹೊಟ್ಟೆ ಕಥೆ ನನಗೆ ಹೇಳಲೇಬೇಡಿ, ಅಂದರು. ಅದೇ ನಮ್ಮ ಕಡೆಯವರ ಪದ್ಧತಿ, ಅಳತೆ ಮಾಡಿ, ಕುಡಿದು, ಲೋಟ ತೊಳೆದು, ಬಾಯಿ ಮುಕ್ಕಳಿಸಿ, ಕಾಲರು ಕೊಡವಿ ಆಮೇಲೆ ರಸ್ತೆ ದಾಟುವುದು, ಮಧ್ಯಾಹ್ನ ಮೂರಕ್ಕೆ ಬಂಕಿನ ಹಿಂದೆ ನಿಲ್ಲುವ ಕಾರುಗಳಲ್ಲಿ ಅರ್ಧಕ್ಕರ್ಧ ನಮ್ಮ ನಂಬರ್ ಪ್ಲೇಟಿನವೇ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊದಲು ಹೀಗಿರಲಿಲ್ಲ, ನಾನು ಚಿಕ್ಕವಳಿದ್ದಾಗ ಈ ಕಡೆ ಮದ್ಯ ಮಾರುವಂತಿರಲಿಲ್ಲ, ಟೆಕ್ಸಾಸಿನವರೇ ಬಿಯರಿಗಾಗಿ ನಮ್ಮ ಕಡೆ ಬಂದು ಸಾಲಾಗಿ ನಿಲ್ಲುತ್ತಿದ್ದರು, ಅಪ್ಪ ನಗುತ್ತಿದ್ದ, ಬರ್ರಪ್ಪಾ ಭಕ್ತಾದಿಗಳೇ ಬರ್ರಿ, ಎಂದು. ನಗುವ ಸರದಿ ಈಗ ಅವರದು.

ಕೆಂಪೇ. ಹಿಂದಿನ ಪೊಲೀಸಿನವನು ತನ್ನ ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ. ನೇರ ಹೋಗಿಬಿಡಲೇ, ಟೆಕ್ಸಾಸಿನಲ್ಲೇ ಉಳಿದು ಎಲ್ಲಾದರೂ ನಿಲ್ಲಿಸಿ ಡಬ್ಬಿ ಎಸೆದು ಮಗುವಿನ ಕೈತೊಳೆದು — ಆದರೆ ಇದು ತಿರುಗುವವರ ಲೇನು, ಪೊಲೀಸಿನವನ ಮೂಗಿನ ಕೆಳಗೇ ನೇರ ಹೋದರೆ ದೀಪ ಹಾಕಿ ಬೆನ್ನು ಹತ್ತುತ್ತಾನೆ, ಬಲಕ್ಕೆ ಸರಿಯೋಣವೆಂದರೆ ಉದ್ದಕ್ಕೂ ಲಾರಿ, ಪೂರ್ತಿ ಹಿಂದಕ್ಕೆ ತಿರುಗಿಸೋಣವೆಂದರೆ ತಿರುಗಿ ನಿಲ್ಲುವ ಲೇನೇ ಅರ್ಕಾನ್ಸಾಸು, ದೇವರೇ, ಯಾವ ಕಡೆ ಹೊರಳಿದರೂ ಅದೇ, ಸುಮ್ಮನೆ ಇಲ್ಲೇ ನಿಂತರೆ ಇಳಿದು ಬಂದು ಕಿಟಕಿ ತಟ್ಟುತ್ತಾನೆ, ಏನಾಯ್ತು ಮೇಡಂ, ಗಾಡಿ ಕೆಟ್ಟಿದ್ಯಾ, ಎಂದು ಬಗ್ಗಿ ಹಿಂದಿನ ಸೀಟು ನೋಡುತ್ತಾನೆ. ಈ ನೆಲದಲ್ಲಿ ಅದು ತಪ್ಪಲ್ಲ ಅಣ್ಣಾ, ಕಾನೂನು ನೋಡು, ಎನ್ನಬಹುದು, ಬಾಯಿಮಾತಿಗೆ ಚೆನ್ನಾಗಿದೆ, ಆದರೆ ಆರು ವರ್ಷದ ಮಗುವಿನ ಮೂಗಿನ ಮೇಲೆ ಪುಡಿ ಇದ್ದರೆ ಅದಕ್ಕೆ ಯಾವ ರಾಜ್ಯದ ಕಾನೂನು. ಈ ಮಗುವಿನ ತಾಯಿ ಎಲ್ಲಿ ಎನ್ನುತ್ತಾನೆ. ಎಲ್ಲಿ ಎಂದು ಹೇಳಲಿ.

ಕಾನೂನಿಗೆ ಹೆದರಿ ಅದನ್ನು ಈ ಕಡೆ ಇಟ್ಟೆ ಎಂದು ಮಾರ್ವೆಲ್ಲಾ ತಿಳಿದಿದ್ದಾಳೆ, ವಕೀಲರೂ ಹಾಗೇ ತಿಳಿದಿರಬೇಕು, ಅಲ್ಲ, ಕಾನೂನಿಗಿಂತ ಮುಂಚೆ ನಾನು ಹೆದರಿದ್ದು ಆ ಕಪಾಟಿಗೆ. ಟೈರ್ ಫ್ಯಾಕ್ಟರಿಯಲ್ಲಿ ಸೊಂಟ ಕಳಚಿದ ವರ್ಷ ಡಾಕ್ಟರು ನೋವಿಗೆ ಬಿಳಿ ಮಾತ್ರೆ ಬರೆದುಕೊಟ್ಟರು, ತಗೊಳ್ಳಿ, ಏನೂ ಆಗಲ್ಲ, ಅಂದರು, ತಗೊಂಡೆ, ತಿಂಗಳಾಯಿತು, ವರ್ಷವಾಯಿತು, ಕನ್ನಡಿಯ ಹಿಂದಿನ ಕಪಾಟಿನಲ್ಲಿ ಸಾಲಾಗಿ ಶೀಶೆಗಳು, ನಾನು ಎಣಿಸುತ್ತಲೂ ಇರಲಿಲ್ಲ, ಡಾರ್ಲಾಗೆ ಹದಿನಾರು, ನನ್ನ ಮಗಳು, ಒಂದು ಭಾನುವಾರ ಚರ್ಚಿಗೆ ಹೊರಟಾಗ ಬಾತ್‌ರೂಮಿನ ಬಾಗಿಲಲ್ಲಿ ಸಿಕ್ಕಿದಳು, ಮುಷ್ಟಿ ಬಿಗಿ, ಕೈ ಬಿಚ್ಚು ಅಂದೆ, ಏನಿಲ್ಲಮ್ಮ ಅಂದಳು, ಬಿಚ್ಚೇ ಅಂದೆ, ಬಿಚ್ಚಿದಳು — ಅಂಗೈ, ಐದೂ ಬೆರಳು ಬಿಡಿಬಿಡಿಯಾಗಿ, ನಡುವೆ ಮೂರು ಬಿಳಿ ಮಾತ್ರೆ. ತಲೆನೋವಿಗಮ್ಮ, ಅಂದಳು. ನಂಬಿದೆ. ನಂಬುವುದು ಸುಲಭವಿತ್ತು, ನಂಬದಿದ್ದರೆ ಕಪಾಟಿಗೆ ಬೀಗ ಹಾಕಬೇಕಿತ್ತು, ಬೀಗ ಹಾಕಿದರೆ ನಾನು ನುಂಗುವುದಕ್ಕೂ ಎಣಿಕೆ ಬರುತ್ತಿತ್ತು. ಆಮೇಲಿನದೆಲ್ಲ ಊರಿಗೇ ಗೊತ್ತು, ಜೂನಿಯನ್ನು ನನ್ನ ಬಳಿ ಬಿಟ್ಟು ಅವಳು ಜೈಲಿಗೆ ಹೋಗುವವರೆಗೆ. ನಾನು ಆ ಮಾತ್ರೆ ಬಿಟ್ಟದ್ದು ಈ ಎಲೆಪುಡಿ ಹಿಡಿದುಕೊಂಡು, ಇದಿಲ್ಲದಿದ್ದರೆ ಬಿಡುತ್ತಿರಲಿಲ್ಲ, ಸುಳ್ಳೇಕೆ, ಇದೂ ಹಗ್ಗವೇ, ಒಂದು ಹೊತ್ತು ತಪ್ಪಿದರೆ ಕಾಲು ತಾನೇ ಒದ್ದುಕೊಳ್ಳುತ್ತದೆ, ಮೂಗು ಸೋರುತ್ತದೆ, ಆದರೆ ಇದರಲ್ಲಿ ನಾನು ಎದ್ದು ನಿಲ್ಲುತ್ತೇನೆ, ಕಡುಬು ಬೇಯಿಸುತ್ತೇನೆ, ಜೂನಿಯ ಕೂದಲು ಬಾಚುತ್ತೇನೆ. ಇವಳು ಮನೆಗೆ ಬಂದ ದಿನವೇ ಡಬ್ಬಿಯನ್ನು ಲಾಕರಿಗೆ ಸಾಗಿಸಿದೆ, ಇನ್ನು ನನ್ನ ಮನೆಯಲ್ಲಿ ಮಗುವಿನ ಕೈ ತೆರೆಯಬಾರದ ಮುಚ್ಚಳ ಒಂದೂ ಇರುವುದಿಲ್ಲ ಎಂದು ಆಣೆ ಮಾಡಿಕೊಂಡೆ, ಒಂದೇ ಒಂದು ಆಣೆ ವರ್ಲೀನ್, ಒಂದೇ ಒಂದು, ಅದನ್ನೂ ಕೋಕೋ ಡಬ್ಬಿಗೆ ಹಾಕಿದೆ, ಮಕ್ಕಳು ಕೋಕೋ ಡಬ್ಬಿ ಬಿಟ್ಟು ಇನ್ನೇನು ತೆಗೆಯುತ್ತಾರೆ, ಮಾರ್ವೆಲ್ಲಾಳನ್ನು ಬೈದು ಏನು ಬಂತು. ಹೋದ ತಿಂಗಳು ನಾಲ್ಕು ತಾಸು ಕಾರು ಓಡಿಸಿಕೊಂಡು ಹೋಗಿ ಜೈಲಿನಲ್ಲಿ ಅವಳೆದುರು ಕೂತೆ, ನಡುವೆ ಗಾಜು, ಫೋನಿನಲ್ಲಿ ಡಾರ್ಲಾ ಅಂದಳು, ಅಮ್ಮಾ, ಅವಳನ್ನ ಯಾರ ಕೈಗೂ ಕೊಡಬೇಡ, ನಿನ್ ಕಾಲಿಗೆ ಬೀಳ್ತೀನಿ, ನಾನು ಆಯಿತು ಅಂದೆ, ಅಷ್ಟೇ ಹೊತ್ತಿಗೆ ಫೋನು ಕಡಿದುಹೋಯಿತು, ಅವಳು ಎದ್ದು ಗಾಜಿಗೆ ಅಂಗೈ ಒತ್ತಿದಳು, ಐದೂ ಬೆರಳು ಬಿಡಿಬಿಡಿಯಾಗಿ, ಕರೆದುಕೊಂಡು ಹೋದ ಮೇಲೂ ಬೆವರಿನ ಗುರುತು ಗಾಜಿನ ಮೇಲೆ ಉಳಿದಿತ್ತು, ಅಂಚಿನಿಂದ ಆರುತ್ತ ಬಂತು, ಕೊನೆಗೆ ನಡುವಿನದೂ ಹೋಯಿತು. ಇದೇ ರಸ್ತೆಯಲ್ಲಿ, ಮುಂದಿನ ಅಂಚೆಕಚೇರಿಯ ಎದುರು, ಆರು ವರ್ಷದ ಡಾರ್ಲಾ ಗಡಿಗೆರೆಯ ಆಚೆಗೊಂದು ಈಚೆಗೊಂದು ಕಾಲು ಇಟ್ಟು ಫೋಟೋಗೆ ನಿಂತಿದ್ದಳು, ಅಮ್ಮಾ ನೋಡು, ನಾನು ಎರಡೂ ಕಡೆ ಇದೀನಿ, ನನ್ನ ಯಾರೂ ಹಿಡಿಯಕ್ಕಾಗಲ್ಲ, ಎಂದು ಕೈ ಎತ್ತಿ ಕುಣಿದಿದ್ದಳು.

ಮೂರು ನಲವತ್ತೊಂದು. ಆ ಹೆಂಗಸು ಹೊರಟಿರುತ್ತಾಳೆ, ಹೊತ್ತಿಗೆ ಸರಿಯಾಗಿ ಬರುವವಳು, ಬೀದಿಯ ತಿರುವಿನಲ್ಲಿ ಕಾಯುತ್ತಾಳೆ. ಅಂಗಿ ಬಿಚ್ಚಿಸಬೇಕು, ಸೋಪು ಹಾಕಿ ಕೈ ಉಜ್ಜಬೇಕು, ಬಾಯಿ ತೊಳೆಸಬೇಕು, ಒಂದು ಬೆರಳು ನೆಕ್ಕಿದರೆ ಏನಾಗುತ್ತದೆ, ಏನೂ ಆಗಲಿಕ್ಕಿಲ್ಲ, ಉಗಿದಿದ್ದಾಳೆ, ಆದರೂ ಡಾಕ್ಟರಿಗೆ ತೋರಿಸಬೇಡವೇ, ತೋರಿಸಿದರೆ ಏನು ತಿಂದಳು ಎಂದು ಕೇಳುವುದಿಲ್ಲವೇ, ಹೇಳಿದರೆ ಬರೆದುಕೊಳ್ಳುವುದಿಲ್ಲವೇ — ಪುಟ್ಟಿ, ನಿದ್ದೆ ಬರ್ತಿದ್ಯಾ, ಹೊಟ್ಟೆ ನೋಯ್ತಿದ್ಯಾ, ಅಂದೆ. ಇಲ್ಲ ಅಜ್ಜಿ, ಸೆಖೆ ಅಷ್ಟೆ, ಅಂದಳು. ಮುಚ್ಚಳ ಹಾಕಿದ್ಯಾ. ಹಾಕ್ದೆ, ಸ್ವಲ್ಪ ಚೆಲ್ಲಿತು. ಅಜ್ಜಿ ನೀನು ಬೈತೀಯಾ. ಬೈಯಲ್ಲ ಚಿನ್ನ, ಯಾಕೆ ಬೈಯಲಿ, ನಿನ್ನನ್ನು ಯಾಕೆ ಬೈಯಲಿ, ಸುಮ್ಮನೆ ಕೂತಿರು, ಏನನ್ನೂ ಮುಟ್ಟಬೇಡ, ಆ ಕೈ ತೊಡೆ ಮೇಲೆ ಇಟ್ಟುಕೋ — ಅಳು ಬರುತ್ತಿದೆ, ಈಗ ಅತ್ತರೆ ಹಿಂದಿನವನಿಗೆ ಭುಜ ಅಲ್ಲಾಡುವುದು ಕಾಣುತ್ತದೆ, ಕೈ ಸ್ಟೀರಿಂಗಿನ ಮೇಲೆ ಗಡಿಯಾರದ ಹತ್ತಕ್ಕೆ ಎರಡಕ್ಕೆ, ಬೆನ್ನು ನೆಟ್ಟಗೆ, ನಿಧಾನ ತಿರುಗಿಸಿದರೆ ಸಾಕು, ಎರಡು ಮೈಲಿ, ಅವನು ಮೊದಲನೇ ಅಡ್ಡರಸ್ತೆಯಲ್ಲೇ ತಿರುಗಿಕೊಂಡಾನು, ಯಾಕೆ ತಿರುಗಬಾರದು, ಅವನಿಗೂ ಮನೆಯಿಲ್ಲವೇ, ಎರಡೇ ಮೈಲಿ, ಕರ್ತನೇ, ಸೋಮವಾರದವರೆಗೆ, ಇದೊಂದು ತಿರುವು ದಾಟಿಸು, ಆಮೇಲೆ ಕಾಲು ಒದ್ದುಕೊಂಡರೂ ಸರಿ, ಇಡೀ ಡಬ್ಬಿ ಚರಂಡಿಗೆ ಸುರಿಯುತ್ತೇನೆ.

ಸೀಟ್ ಬೆಲ್ಟ್ ಬಿಚ್ಚಿದ ಟಕ್ ಸದ್ದು. ಜೂನಿ, ಕೂತ್ಕೋ. ಅಜ್ಜಿ, ಹಿಂದೆ ಪೊಲೀಸ್ ಮಾಮ ಇದಾರೆ, ನಂಗೆ ಟಾಟಾ ಮಾಡಿದ್ರು. ಕೂತ್ಕೋ ಅಂದ್ರೆ ಕೂತ್ಕೋ. ನಾನೂ ಒಂದ್ ಸಲ ಟಾಟಾ ಮಾಡ್ತೀನಿ ಅಜ್ಜಿ, ಒಂದೇ ಸಲ, ಎನ್ನುತ್ತ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿಬಿಟ್ಟಳು, ಬಾಣ ಹಸಿರಾಯಿತು, ಈಗ, ಈಗ ಕಾಲು ಒತ್ತಬೇಕು, ವರ್ಲೀನ್ ಒತ್ತು, ಕಾಲು ಬರುತ್ತಿಲ್ಲ, ಕನ್ನಡಿ ಬಿಟ್ಟು ಕಣ್ಣು ಬರುತ್ತಿಲ್ಲ, ಅವನು ನಗುತ್ತಿದ್ದಾನೆ, ಕೈ ಬೀಸುತ್ತಿದ್ದವನು ಕೈ ಇಳಿಸಿದ, ನಗು ನಿಂತಿತು, ಮುಂದಕ್ಕೆ ಬಾಗಿದ, ಏನನ್ನೋ ನೋಡುತ್ತಿದ್ದಾನೆ, ಅವನ ಹಿಂದೆ ಯಾರೋ ಹಾರ್ನ್ ಹೊಡೆದರು, ಬಾಣ ಹಸಿರು, ಹಸಿರು, ಹೋಗು — ಹಿಂದಿನ ಗಾಜಿಗೆ ಒತ್ತಿದ ಅಂಗೈ, ಪುಟ್ಟದು, ಹಸಿರು, ಐದೂ ಬೆರಳು ಬಿಡಿಬಿಡಿಯಾಗಿ